ಅಮಲ್ದಾರ, ಮಾಮಲೇದಾರ, ತಹಶೀಲ್ದಾರ

ಎಂಬತ್ತು ವರ್ಷಗಳ ಹಿಂದೆ ದಾವಣಗೆರೆಯ ತಾಲ್ಲೂಕು ಕಚೇರಿಯಲ್ಲಿ ಕೂರುತ್ತಿದ್ದ ಅಧಿಕಾರಿಯನ್ನು ಜನ ಅಮಲ್ದಾರರು ಎನ್ನುತ್ತಿದ್ದರು. ಹರಿಹರದ ಸೇತುವೆ ದಾಟಿ ರಾಣೆಬೆನ್ನೂರಿಗೆ ಹೋದರೆ ಅದೇ ಕೆಲಸ ಮಾಡುವವರು ಮಾಮಲೇದಾರರು. ಇತ್ತ ಹರಪನಹಳ್ಳಿಗೆ ಹೋದರೆ ತಹಶೀಲ್ದಾರರು. ಊರಿನ ಲೆಕ್ಕ ಬರೆಯುವವರು ಒಂದು ಕಡೆ ಶಾನುಭೋಗರು, ಇನ್ನೊಂದು ಕಡೆ ಕುಲಕರ್ಣಿಗಳು, ಮತ್ತೊಂದು ಕಡೆ ಕರಣಂ. ಜಿಲ್ಲೆಯ ಮೇಲಧಿಕಾರಿ ಚಿತ್ರದುರ್ಗದಲ್ಲಿ ಡೆಪ್ಯುಟಿ ಕಮಿಷನರ್, ಧಾರವಾಡ ಮತ್ತು ಬಳ್ಳಾರಿಗಳಲ್ಲಿ ಕಲೆಕ್ಟರ್. ಮೂರೂ ಕಡೆ ಮನೆಮಾತು ಕನ್ನಡ, ಊಟಕ್ಕೆ ಜೋಳದ ರೊಟ್ಟಿ, ಹೆಣ್ಣು ಕೊಟ್ಟು ತರುವ ಸಂಬಂಧ. ನಮ್ಮಜ್ಜಿಯ ತವರು ಹೊಳೆಯಾಚೆ. ದಾವಣಗೆರೆಗೆ ಸೊಸೆಯಾಗಿ ಬಂದು ಅರವತ್ತು ವರ್ಷವಾದರೂ ಆಕೆಯ ಬಾಯಲ್ಲಿ ತಾಲ್ಲೂಕು ಕಚೇರಿ ‘ಮಾಮಲೇದಾರ ಕಚೇರಿ’ಯಾಗಿಯೇ ಉಳಿದಿತ್ತು.

ಈ ಮೂರು ಹೆಸರುಗಳ ವ್ಯತ್ಯಾಸ ಭಾಷೆಯದಲ್ಲ. ದಾವಣಗೆರೆ ಮೈಸೂರು ಸಂಸ್ಥಾನದಲ್ಲಿತ್ತು, ರಾಣೆಬೆನ್ನೂರು ಮುಂಬಯಿ ಪ್ರಾಂತ್ಯದಲ್ಲಿ, ಹರಪನಹಳ್ಳಿ ಮದ್ರಾಸು ಪ್ರಾಂತ್ಯದಲ್ಲಿ. ಇಷ್ಟನ್ನು ನಾವೆಲ್ಲ ಏಕೀಕರಣದ ಪಾಠದಲ್ಲಿ ಓದಿದ್ದೇವೆ. ಆದರೆ ಆ ಪಾಠ ಇದನ್ನು ಒಡೆದುಹೋದ ನಾಡಿನ ನೋವಾಗಿ ಹೇಳಿ ಮುಗಿಸುತ್ತದೆ. ಒಂದು ದೇಶ ಏಳು ಸಮುದ್ರದಾಚೆಯ ನೆಲವನ್ನು ಆಳಬೇಕಾದಾಗ ಅದನ್ನು ಯಾವ ಯಾವ ಖಾನೆಗೆ ಹಾಕುತ್ತದೆ, ಆ ಖಾನೆಯ ಹೆಸರಿನಿಂದ ಅಲ್ಲಿ ಬದುಕುವವನಿಗೆ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಅದು ಕೇಳುವುದಿಲ್ಲ. ಆ ಪ್ರಶ್ನೆ ಕೇಳುವುದಕ್ಕೆ ದಾವಣಗೆರೆ-ಹರಿಹರಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಅರ್ಧ ದಿನದ ಬಸ್ ಪ್ರಯಾಣದಲ್ಲಿ ಮೂರು ಬಗೆಯ ಆಳ್ವಿಕೆ ಇಲ್ಲಿ ಕೂಡಿದ್ದವು.

ಲಂಡನ್ನಿನ ಕಪಾಟುಗಳು

ಬ್ರಿಟಿಷ್ ಸಾಮ್ರಾಜ್ಯ ಎಂದರೆ ಒಂದೇ ಬಣ್ಣ ಬಳಿದ ಭೂಪಟ ಎಂದು ನಾವು ಕಲ್ಪಿಸಿಕೊಳ್ಳುತ್ತೇವೆ. ಲಂಡನ್ನಿನ ಗುಮಾಸ್ತನಿಗೆ ಅದು ಹಾಗೆ ಕಾಣುತ್ತಿರಲಿಲ್ಲ. ಅವನಿಗೆ ಅದು ಬೇರೆ ಬೇರೆ ಕಚೇರಿಗಳ ಕಡತ. 1858ರ ನಂತರ ಭಾರತದ ವ್ಯವಹಾರ ಇಂಡಿಯಾ ಆಫೀಸಿನದು. ಪಕ್ಕದ ಸಿಲೋನ್ ವಸಾಹತು ಕಚೇರಿಗೆ ಸೇರಿದ್ದು, ಅದು ‘ಕ್ರೌನ್ ಕಾಲೊನಿ’. ಸುಡಾನ್ ಈಜಿಪ್ಟಿನ ಜೊತೆಗಿನ ಜಂಟಿ ಆಳ್ವಿಕೆ, ಅದರ ಕಡತ ವಿದೇಶಾಂಗ ಕಚೇರಿಯಲ್ಲಿ. ಕೆನಡಾ, ಆಸ್ಟ್ರೇಲಿಯಾಗಳು ಡೊಮಿನಿಯನ್‌ಗಳು. ಅವುಗಳಿಗೆ 1925ರಲ್ಲಿ ಪ್ರತ್ಯೇಕ ಕಚೇರಿಯೇ ಬಂತು. ಇವಲ್ಲದೆ ಸಂರಕ್ಷಿತ ರಾಜ್ಯಗಳು, ಮೊದಲ ಮಹಾಯುದ್ಧದ ಮೇಲೆ ಬಂದ ಮ್ಯಾಂಡೇಟ್ ಪ್ರದೇಶಗಳು.

ಈ ವಿಂಗಡಣೆಗೂ ಭೂಗೋಳಕ್ಕೂ ಸಂಬಂಧ ಕಡಿಮೆ. ಅರಬ್ಬೀ ಸಮುದ್ರದಾಚೆಯ ಏಡನ್ ಬಂದರು 1839ರಲ್ಲಿ ಬ್ರಿಟಿಷರ ವಶವಾಯಿತು. ದಶಕಗಟ್ಟಲೆ ಅದನ್ನು ಆಳಿದ್ದು ಮುಂಬಯಿ ಸರ್ಕಾರ. 1937ರಲ್ಲಿ ಮಾತ್ರ ಅದು ಭಾರತದಿಂದ ಕಳಚಿ ವಸಾಹತು ಕಚೇರಿಗೆ ಹೋಯಿತು. ಅಂದರೆ ರಾಣೆಬೆನ್ನೂರೂ ಏಡನ್ನೂ ಬಹುಕಾಲ ಒಬ್ಬನೇ ಗವರ್ನರನ ಕೈಕೆಳಗಿದ್ದವು. ರಾಣೆಬೆನ್ನೂರಿನಿಂದ ಎತ್ತಿನ ಗಾಡಿಯಲ್ಲಿ ಒಂದು ರಾತ್ರಿಯ ದಾರಿಯಾದ ದಾವಣಗೆರೆ ಆ ಗವರ್ನರನಿಗೆ ಪರಸ್ಥಳ.

1889ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಕಾನೂನಿನ ಪದಗಳಿಗೆ ಅರ್ಥ ನಿಗದಿ ಮಾಡುವ ಒಂದು ಕಾಯ್ದೆ ತಂದಿತು. ಅದರ ಪ್ರಕಾರ ರಾಣಿಯ ಒಡೆತನದಲ್ಲಿದ್ದು ಗವರ್ನರ್ ಜನರಲ್ ಮೂಲಕ ಆಳಿಸಿಕೊಳ್ಳುವ ನೆಲ ‘ಬ್ರಿಟಿಷ್ ಇಂಡಿಯಾ’. ಅದರ ಜೊತೆಗೆ ರಾಣಿಯ ಅಧೀನದಲ್ಲಿರುವ ದೇಶೀ ರಾಜರ ನೆಲವನ್ನೂ ಸೇರಿಸಿದರೆ ‘ಇಂಡಿಯಾ’. ಹೀಗಾಗಿ ರಾಣೆಬೆನ್ನೂರು, ಹರಪನಹಳ್ಳಿ ಬ್ರಿಟಿಷ್ ಇಂಡಿಯಾದಲ್ಲಿದ್ದವು. ದಾವಣಗೆರೆ, ಹರಿಹರ ಇಂಡಿಯಾದಲ್ಲಿದ್ದವು, ಆದರೆ ಬ್ರಿಟಿಷ್ ಇಂಡಿಯಾದಲ್ಲಿ ಇರಲಿಲ್ಲ. ಒಂದು ಪದದ ಈ ಅಂತರದಲ್ಲಿ ಎರಡು ದಡದ ಜನರ ಬದುಕು ಬೇರೆಯಾಯಿತು.

ಗೆರೆ ಬಿದ್ದ ಬಗೆ

ಗೆರೆಗಳನ್ನು ಯಾರೂ ಒಂದು ದಿನ ಕುಳಿತು ಯೋಚಿಸಿ ಎಳೆದದ್ದಲ್ಲ. 1799ರಲ್ಲಿ ಟಿಪ್ಪು ಶ್ರೀರಂಗಪಟ್ಟಣದಲ್ಲಿ ಮಡಿದ ಮೇಲೆ ಕಂಪನಿ ಮೈಸೂರಿನ ಒಂದು ಭಾಗವನ್ನು ಒಡೆಯರ ಮನೆತನದ ಬಾಲಕನಿಗೆ ಕೊಟ್ಟಿತು. ಸೈನ್ಯದ ಖರ್ಚಿನ ಹೆಸರಿನಲ್ಲಿ ವರ್ಷಕ್ಕೆ 7 ಲಕ್ಷ ವರಹ ಕಪ್ಪವನ್ನೂ ಗೊತ್ತುಮಾಡಿತು. ದಾವಣಗೆರೆ, ಹರಿಹರಗಳು ಈ ಪಾಲಿಗೆ ಬಂದವು. ಬಳ್ಳಾರಿ ಸೀಮೆ ನಿಜಾಮನ ಪಾಲಿಗೆ ಹೋಗಿದ್ದು, 1800ರಲ್ಲಿ ಅವನು ಅದನ್ನು ಕಂಪನಿಗೆ ಬಿಟ್ಟುಕೊಟ್ಟ. ‘ದತ್ತ ಮಂಡಲ’ ಎಂಬ ಹೆಸರು ಹಾಗೆ ಬಂತು. ಹೊಳೆಯಾಚೆಯ ಧಾರವಾಡ ಸೀಮೆ ಪೇಶ್ವೆಯದಾಗಿತ್ತು. 1817-18ರ ಯುದ್ಧದಲ್ಲಿ ಅದೂ ಕಂಪನಿಯ ಕೈಸೇರಿತು.

ಈ ಮೂರೂ ಪ್ರಸಂಗಗಳಲ್ಲಿ ಒಬ್ಬನೇ ಮನುಷ್ಯ ಸಿಗುತ್ತಾನೆ: ಥಾಮಸ್ ಮನ್ರೋ. 1799ರಲ್ಲಿ ಮೈಸೂರಿನ ಹಂಚಿಕೆ ಮಾಡಿದ ಆಯೋಗದ ಕಾರ್ಯದರ್ಶಿಗಳಲ್ಲಿ ಅವನೊಬ್ಬ. 1800ರಿಂದ 1807ರವರೆಗೆ ದತ್ತ ಮಂಡಲದ ಕಲೆಕ್ಟರ್. 1817ರಲ್ಲಿ ಧಾರವಾಡ ಸೀಮೆಯನ್ನು ವಶಪಡಿಸಿಕೊಂಡವನೂ ಅವನೇ. ಒಬ್ಬನೇ ಅಧಿಕಾರಿಯ ಕಣ್ಣೆದುರು ನಡೆದ ಮೂರು ಸ್ವಾಧೀನಗಳು ಮೂರು ಬೇರೆ ಖಾನೆಗಳಿಗೆ ಹೋಗಿ ಬಿದ್ದವು. ನೆಲ ಸಿಕ್ಕ ಬಗೆ ಯಾವುದೋ, ಅದೇ ಅದರ ಜಾತಕವಾಯಿತು. ಒಪ್ಪಂದದಿಂದ ಉಳಿದದ್ದು ಸಂಸ್ಥಾನ, ಯುದ್ಧದಲ್ಲಿ ಸಿಕ್ಕಿದ್ದು ಅಥವಾ ಬಿಟ್ಟುಕೊಟ್ಟದ್ದು ಜಿಲ್ಲೆ. ಅಲ್ಲಿನ ರೈತನ ಮಾತು, ಬೆಳೆ, ಸಂತೆ, ನೆಂಟಸ್ತಿಕೆ ಯಾವುದೂ ಲೆಕ್ಕಕ್ಕೆ ಬರಲಿಲ್ಲ.

ಖಾನೆಗಳು ಎಷ್ಟು ಗಟ್ಟಿಯಾಗಿದ್ದವೆಂದರೆ ಆಳುವವರು ಒಂದೇ ಆದಾಗಲೂ ಅವು ಅಳಿಯಲಿಲ್ಲ. ನಗರದ ರೈತರ ದಂಗೆಯನ್ನು ನೆಪಮಾಡಿಕೊಂಡು 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನು ರಾಜನಿಂದ ಕಿತ್ತುಕೊಂಡರು. ಆಮೇಲೆ ಐವತ್ತು ವರ್ಷ ಹೊಳೆಯ ಎರಡೂ ದಡದಲ್ಲಿ ಬ್ರಿಟಿಷ್ ಅಧಿಕಾರಿಗಳೇ ಇದ್ದರು. 1865ರವರೆಗೆ ಹರಿಹರದ ವಾಯವ್ಯಕ್ಕೆ ಎರಡು ಮೈಲಿ ದೂರದಲ್ಲಿ ದಂಡಿನ ಠಾಣ್ಯವೂ ಇತ್ತು. ಬೆಂಗಳೂರು-ಧಾರವಾಡ ಹೆದ್ದಾರಿಗಾಗಿ ತುಂಗಭದ್ರೆಗೆ 14 ಕಮಾನುಗಳ ಕಲ್ಲು-ಇಟ್ಟಿಗೆಯ ಸೇತುವೆ ಮುಗಿದದ್ದು 1868ರಲ್ಲಿ, ಅಂದರೆ ಈ ಕಮಿಷನರುಗಳ ಕಾಲದಲ್ಲೇ. ಆದರೂ ಈ ದಡದ ಕಂದಾಯ ‘ಮೈಸೂರು’ ಲೆಕ್ಕಕ್ಕೆ, ಆ ದಡದ್ದು ‘ಮುಂಬಯಿ’ ಲೆಕ್ಕಕ್ಕೆ. ಪೊಳಾಳ್ವ ದಂಡನಾಥ 1224ರ ಸುಮಾರಿಗೆ ಕಟ್ಟಿಸಿದ ಹರಿಹರೇಶ್ವರನ ಗುಡಿಗೆ ಎರಡೂ ದಡದಿಂದ ಭಕ್ತರು ಬರುತ್ತಿದ್ದರು. ಹರಿ ಬೇರೆಯಲ್ಲ ಹರ ಬೇರೆಯಲ್ಲ ಎಂದು ಸಾರುವ ಊರಿನ ಪಕ್ಕದಲ್ಲೇ ಸರ್ಕಾರದ ಕಾಗದ ಒಂದು ಹೊಳೆಯನ್ನು ಎರಡಾಗಿ ಓದುತ್ತಿತ್ತು.

ರಾಜನ ಕೈಯಲ್ಲಿದ್ದದ್ದು, ಇಲ್ಲದ್ದು

1881ರಲ್ಲಿ ಮೈಸೂರನ್ನು ಮತ್ತೆ ಒಡೆಯರಿಗೆ ಕೊಟ್ಟಾಗ ಬರೆಸಿಕೊಂಡ ಹಸ್ತಾಂತರ ಪತ್ರವನ್ನು ಓದಿದರೆ ‘ಪರೋಕ್ಷ ಆಳ್ವಿಕೆ’ ಎಂದರೇನು ಎಂಬುದು ಸ್ಪಷ್ಟವಾಗುತ್ತದೆ. ನಿಂತುಹೋಗಿದ್ದ ಮೈಸೂರಿನ ನಾಣ್ಯವನ್ನು ಮತ್ತೆ ಟಂಕಿಸುವಂತಿಲ್ಲ. ಹೊಸ ಕೋಟೆ ಕಟ್ಟುವಂತಿಲ್ಲ. ಸೈನ್ಯದ ಗಾತ್ರ ಬ್ರಿಟಿಷರು ಹೇಳಿದಷ್ಟೇ. ಬೇರೆ ರಾಜರ ಜೊತೆ ನೇರ ವ್ಯವಹಾರ ಕೂಡದು. ಉಪ್ಪು, ಅಫೀಮುಗಳ ವಿಚಾರದಲ್ಲಿ ಗವರ್ನರ್ ಜನರಲ್ ಹೇಳಿದಂತೆ. ಬ್ರಿಟಿಷ್ ಸರ್ಕಾರ ರೈಲು ಹಾಕಬೇಕೆಂದರೆ ಭೂಮಿಯನ್ನು ಪುಕ್ಕಟೆ ಕೊಡಬೇಕು, ಆ ಭೂಮಿಯ ಮೇಲಿನ ಪೂರ್ತಿ ನ್ಯಾಯಾಧಿಕಾರವನ್ನೂ ಬಿಟ್ಟುಕೊಡಬೇಕು. ಗವರ್ನರ್ ಜನರಲ್ ಕೊಡುವ ಸಲಹೆಗೆ ಮಹಾರಾಜರು ಯಾವಾಗಲೂ ತಲೆಬಾಗಬೇಕು. ಷರತ್ತು ಮೀರಿದರೆ ರಾಜ್ಯ ವಾಪಸ್. ಕಪ್ಪದ ಮೊತ್ತವನ್ನು ಇಪ್ಪತ್ತನಾಲ್ಕೂವರೆ ಲಕ್ಷ ರೂಪಾಯಿಯಿಂದ 35 ಲಕ್ಷಕ್ಕೆ ಏರಿಸಲಾಯಿತು. ಈ ಹೆಚ್ಚಳ ಪೂರ್ತಿ ಇಳಿದದ್ದು 1920ರ ದಶಕದ ಕೊನೆಯಲ್ಲಿ. 1913ರಲ್ಲಿ ಈ ಪತ್ರದ ಜಾಗಕ್ಕೆ ‘ಒಪ್ಪಂದ’ ಎಂಬ ಗೌರವದ ಹೆಸರಿನ ಕಾಗದ ಬಂದರೂ ಹಗ್ಗದ ತುದಿ ಬೆಂಗಳೂರಿನ ರೆಸಿಡೆಂಟರ ಕೈಯಲ್ಲೇ ಇತ್ತು.

ರೈಲಿನ ಷರತ್ತು ಬರೀ ಕಾಗದದ ಮಾತಲ್ಲ. ಬೆಂಗಳೂರಿನಿಂದ ದಾವಣಗೆರೆ ಮೂಲಕ ಹರಿಹರಕ್ಕೆ ಹಳಿ ಬಂದದ್ದು 1889ರಲ್ಲಿ. ಅದೇ ವರ್ಷ ಮೈಸೂರಿನ ಹೆಮ್ಮೆಯ ಅಂಚೆ ವ್ಯವಸ್ಥೆ ಬ್ರಿಟಿಷ್ ಅಂಚೆಯಲ್ಲಿ ಕರಗಿತು. ಸಂಸ್ಥಾನಗಳ ಒಳಗೆ ಹಾದುಹೋಗುವ ಹಳಿಯ ಪಟ್ಟಿ ಯಾರದು ಎಂಬ ಪ್ರಶ್ನೆ ಲಂಡನ್ನಿನವರೆಗೂ ಹೋಯಿತು. ಹೈದರಾಬಾದ್ ಸಂಸ್ಥಾನದ ಒಂದು ರೈಲು ನಿಲ್ದಾಣದಲ್ಲಿ ಮುಹಮ್ಮದ್ ಯೂಸುಫುದ್ದೀನ್ ಎಂಬವರನ್ನು ಶಿಮ್ಲಾದ ಮ್ಯಾಜಿಸ್ಟ್ರೇಟರ ವಾರಂಟಿನ ಮೇಲೆ ಹಿಡಿದರು. 1897ರಲ್ಲಿ ಪ್ರಿವಿ ಕೌನ್ಸಿಲ್ ಆ ಬಂಧನ ಸರಿಯಲ್ಲ ಎಂದಿತು. ನಿಜಾಮರು ಬಿಟ್ಟುಕೊಟ್ಟದ್ದು ರೈಲಿಗೆ ಸಂಬಂಧಿಸಿದ ಅಧಿಕಾರವನ್ನೇ ಹೊರತು ಎಲ್ಲವನ್ನೂ ಅಲ್ಲ ಎಂಬುದು ಅದರ ವಾದ. ಒಬ್ಬ ಮನುಷ್ಯನ ಸ್ವಾತಂತ್ರ್ಯ ಅವನು ಪ್ಲಾಟ್‌ಫಾರಂ ಮೇಲೆ ನಿಂತಿದ್ದಾನೋ ಅದರ ಕೆಳಗೋ ಎಂಬುದರ ಮೇಲೆ ನಿಲ್ಲುವ ಕಾಲ ಅದು.

ಸಂಸ್ಥಾನದ ಖಾನೆಯಿಂದ ಲಾಭವೇ ಇರಲಿಲ್ಲ ಎಂದರೆ ತಪ್ಪಾಗುತ್ತದೆ. ಮೈಸೂರಿನಲ್ಲಿ 1881ರಲ್ಲೇ ಪ್ರಜಾಪ್ರತಿನಿಧಿ ಸಭೆ ಸೇರಿತು. ರಾಜ್ಯದ ದುಡ್ಡು ರಾಜ್ಯದೊಳಗೆ ಹೂಡಿಕೆಯಾಗುವ ದಾರಿ ಇತ್ತು: 1902ರಲ್ಲಿ ಶಿವನಸಮುದ್ರದ ವಿದ್ಯುತ್ತು, 1913ರಲ್ಲಿ ಮೈಸೂರು ಬ್ಯಾಂಕು, 1916ರಲ್ಲಿ ವಿಶ್ವವಿದ್ಯಾನಿಲಯ. ಅದೇ ಹೊತ್ತಿಗೆ ಧಾರವಾಡದ ಕನ್ನಡಿಗ ಮುಂಬಯಿಯ ಕಣ್ಣಲ್ಲಿ ದಕ್ಷಿಣದ ಒಂದು ಮೂಲೆಯವನು, ಬಳ್ಳಾರಿಯವನು ಮದ್ರಾಸಿನ ಕಣ್ಣಲ್ಲಿ ಉತ್ತರದ ಒಂದು ಮೂಲೆಯವನು. 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಹರಿಹರದಲ್ಲಿ ನೆಲೆಯೂರಿತು. ಕಾರ್ಖಾನೆಯ ಹೆಸರಿನಲ್ಲೇ ‘ಮೈಸೂರು’ ಇದೆಯೆಂಬುದನ್ನು ನಮ್ಮೂರಿನವರು ಗಮನಿಸುವುದೇ ಇಲ್ಲ. ಹೊಳೆಯಿಂದ ಈಚೆಗೆ ನೆಲೆಯೂರಿದ್ದರಿಂದ ಅದು ಮೈಸೂರಾಯಿತು.

ಆದರೆ ಈ ಅನುಕೂಲವೆಲ್ಲ ಮೇಲಿನಿಂದ ಬಂದದ್ದು. ಒಳ್ಳೆಯ ದಿವಾನರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಪ್ರಜಾಪ್ರತಿನಿಧಿ ಸಭೆಯ ಸದಸ್ಯ ಅಹವಾಲು ಹೇಳಬಹುದಿತ್ತು, ದಿವಾನರನ್ನು ಇಳಿಸುವಂತಿರಲಿಲ್ಲ. ಹೊಳೆಯಾಚೆ 1937ರಲ್ಲಿ ಚುನಾವಣೆ ನಡೆಯಿತು. ಆಸ್ತಿ, ತೆರಿಗೆ, ಓದಿನ ಷರತ್ತುಗಳಿದ್ದರೂ ಅಲ್ಲಿನ ಮತದಾರರು ಮುಂಬಯಿಯಲ್ಲಿ ಬಿ.ಜಿ. ಖೇರ್ ಅವರ ಮಂತ್ರಿಮಂಡಲವನ್ನೂ ಮದ್ರಾಸಿನಲ್ಲಿ ರಾಜಾಜಿಯವರ ಮಂತ್ರಿಮಂಡಲವನ್ನೂ ಕೂರಿಸಿದರು. ದಾವಣಗೆರೆಯ ವರ್ತಕ, ಅವನ ಗಿರಾಕಿಯಾದ ರಾಣೆಬೆನ್ನೂರಿನ ಹತ್ತಿ ಬೆಳೆಗಾರನಷ್ಟೂ ಸರ್ಕಾರ ಮಾಡುವವನಾಗಿರಲಿಲ್ಲ. ಹಡಗು ಹತ್ತಿ ಪರದೇಶಕ್ಕೆ ಹೋದರೆ ರಾಣೆಬೆನ್ನೂರಿನವನು ಬ್ರಿಟಿಷ್ ಪ್ರಜೆ. ದಾವಣಗೆರೆಯವನು ಬ್ರಿಟಿಷ್ ರಕ್ಷಣೆಗೊಳಪಟ್ಟ ವ್ಯಕ್ತಿ. ಅಣ್ಣ-ತಂಗಿ ಎರಡು ದಡಕ್ಕೆ ಹಂಚಿಹೋದ ಮನೆಗಳಲ್ಲಿ ಒಂದೇ ರಕ್ತಕ್ಕೆ ಎರಡು ಹೆಸರು.

ಎರಡು ದಡದ ಆಗಸ್ಟ್ 15

ಈ ಖಾನೆಗಳನ್ನು ಮೊದಲು ಒಡೆಯಲು ಹೊರಟದ್ದು ಕಾಂಗ್ರೆಸ್. 1920ರ ನಾಗಪುರ ಅಧಿವೇಶನದಲ್ಲಿ ಅದು ತನ್ನ ಪ್ರಾಂತ ಸಮಿತಿಗಳನ್ನು ಭಾಷೆಯ ಮೇಲೆ ಕಟ್ಟಿತು, ಕರ್ನಾಟಕಕ್ಕೂ ಒಂದು ಸಮಿತಿ ಬಂತು. ಸರ್ಕಾರದ ಭೂಪಟದಲ್ಲಿ ಇಲ್ಲದ ಕರ್ನಾಟಕ ಕಾಂಗ್ರೆಸ್ಸಿನ ಭೂಪಟದಲ್ಲಿ ಮೂವತ್ತಾರು ವರ್ಷ ಮೊದಲೇ ಹುಟ್ಟಿತ್ತು. ಆದರೆ ಹೋರಾಟದ ವಿಚಾರಕ್ಕೆ ಬಂದಾಗ ಕಾಂಗ್ರೆಸ್ಸೂ ಹಳೆಯ ಗೆರೆಯ ಮುಂದೆ ತಡವರಿಸಿತು. ಸಂಸ್ಥಾನಗಳ ಒಳಗಿನ ಚಳವಳಿಯನ್ನು ಅಲ್ಲಿನ ಜನರೇ ನಡೆಸಿಕೊಳ್ಳಬೇಕು ಎಂಬ ನಿಲುವನ್ನು 1938ರ ಹರಿಪುರ ಅಧಿವೇಶನ ತಳೆಯಿತು. ಅದೇ ಏಪ್ರಿಲ್‌ನಲ್ಲಿ ಮೈಸೂರಿನವರು ಶಿವಪುರದಲ್ಲಿ ಧ್ವಜ ಹಾರಿಸಿದರು, ವಿದುರಾಶ್ವತ್ಥದಲ್ಲಿ ಗುಂಡು ತಿಂದರು.

1947ರ ಆಗಸ್ಟ್ 15ರ ಬೆಳಗನ್ನು ನಾನು ಈ ಮೂರು ಊರುಗಳಿಂದ ನೋಡಲು ಯತ್ನಿಸುತ್ತೇನೆ. ರಾಣೆಬೆನ್ನೂರಿಗೆ ಅಂದು ಖೇರ್ ಅವರ ಚುನಾಯಿತ ಸರ್ಕಾರ. ಹರಪನಹಳ್ಳಿಗೆ ಮದ್ರಾಸಿನಲ್ಲಿ ಓಮಂದೂರ್ ರಾಮಸ್ವಾಮಿ ರೆಡ್ಡಿಯಾರರ ಚುನಾಯಿತ ಸರ್ಕಾರ. ದಾವಣಗೆರೆಗೆ ಮಹಾರಾಜರು ನೇಮಿಸಿದ ದಿವಾನ್ ಅರ್ಕಾಟ್ ರಾಮಸ್ವಾಮಿ ಮುದಲಿಯಾರರು. ಮೈಸೂರು ಭಾರತಕ್ಕೆ ಸೇರಿತ್ತು, ಆದರೆ ಜವಾಬ್ದಾರಿ ಸರ್ಕಾರ ಬಂದಿರಲಿಲ್ಲ. ಸೆಪ್ಟೆಂಬರ್‌ನಲ್ಲಿ ‘ಮೈಸೂರು ಚಲೋ’ ಹೊರಟಾಗ ಇಲ್ಲಿನ ಚಳವಳಿಗಾರರು ಗಡಿಯಾಚೆಯ ಪ್ರಾಂತ್ಯಗಳ ಊರುಗಳಲ್ಲಿ ನೆಲೆ ಮಾಡಿಕೊಂಡರು. ಅಲ್ಲಿಗೆ ಮೈಸೂರು ಪೊಲೀಸರ ಕೈ ಚಾಚುತ್ತಿರಲಿಲ್ಲ. ನೂರು ವರ್ಷ ನಮ್ಮನ್ನು ಬೇರೆ ಮಾಡಿದ ಗೆರೆ ಆ ಒಂದು ತಿಂಗಳು ಆಸರೆಯಾಯಿತು. ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂತು. ಒಂದೇ ಹೊಳೆಯ ಎರಡು ದಡಗಳಿಗೆ ಸ್ವರಾಜ್ಯ ಎರಡು ತಿಂಗಳ ಅಂತರದಲ್ಲಿ ಬಂತು.

ಎ, ಬಿ, ಸಿ, ಡಿ

ಆಳುವವರು ಹೋದ ಮೇಲೆ ಖಾನೆಗಳೂ ಹೋಗಬೇಕಿತ್ತು. ಹೋಗಲಿಲ್ಲ. 1950ರ ಸಂವಿಧಾನ ರಾಜ್ಯಗಳನ್ನು ನಾಲ್ಕು ಭಾಗ ಮಾಡಿತು. ಹಳೆಯ ಗವರ್ನರ್ ಪ್ರಾಂತ್ಯಗಳು ‘ಎ’: ಮುಂಬಯಿ, ಮದ್ರಾಸು. ದೊಡ್ಡ ಸಂಸ್ಥಾನಗಳು, ಸಂಸ್ಥಾನಗಳ ಕೂಟಗಳು ‘ಬಿ’: ಮೈಸೂರು, ಹೈದರಾಬಾದ್. ಕಮಿಷನರ್ ಪ್ರಾಂತ್ಯಗಳು, ಚಿಕ್ಕ ಸಂಸ್ಥಾನಗಳು ‘ಸಿ’: ಅದರಲ್ಲಿ ಕೊಡಗು. ಅಂಡಮಾನ್-ನಿಕೋಬಾರ್ ಒಂದೇ ‘ಡಿ’. ಕನ್ನಡ ನಾಡೊಂದೇ ಎ, ಬಿ, ಸಿ ಮೂರರಲ್ಲೂ ಚದುರಿತ್ತು. ರಾಣೆಬೆನ್ನೂರಿಗೆ ರಾಜ್ಯಪಾಲರು, ದಾವಣಗೆರೆಗೆ ರಾಜಪ್ರಮುಖರು, ಮಡಿಕೇರಿಗೆ ಚೀಫ್ ಕಮಿಷನರ್. ‘ಬಿ’ ರಾಜ್ಯಗಳ ಸರ್ಕಾರಗಳನ್ನು ಹತ್ತು ವರ್ಷ ರಾಷ್ಟ್ರಪತಿಯ ಸಾಮಾನ್ಯ ಹತೋಟಿಯಲ್ಲಿಡಲು ಒಂದು ವಿಧಿಯೂ ಇತ್ತು. ಬೇಕೆನಿಸಿದ ರಾಜ್ಯಕ್ಕೆ ವಿನಾಯಿತಿ ಕೊಡುವ ಅಧಿಕಾರವೂ ರಾಷ್ಟ್ರಪತಿಯದೇ. ಆ ವಿಧಿಯ ಸಂಖ್ಯೆ 371. ಓದುಗರು ಈ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಬೇಕು, ಅದು ಮತ್ತೆ ಬರುತ್ತದೆ.

ನಾಲ್ಕರಲ್ಲಿ ಒಂದಕ್ಷರವನ್ನೂ ಸ್ವಂತಕ್ಕೆ ಪಡೆಯದ ಒಂದು ನೆಲವಿತ್ತು. ನಮ್ಮ ನಾಡಿಗೆ ಅಕ್ಷರಶಃ ಸಾಗರೋತ್ತರವಾದದ್ದು ಅದೊಂದೇ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ, ಈ ಅಮೀನ್‌ದೀವಿ ದ್ವೀಪಗಳು 1787ರಲ್ಲಿ ಕಣ್ಣೂರಿನ ಅರಕ್ಕಲ್ ಮನೆತನದಿಂದ ತಪ್ಪಿ ಟಿಪ್ಪುವಿನ ಕೈಕೆಳಗೆ ಬಂದವು. ಅಂದರೆ ಮೈಸೂರೂ ಒಂದು ಡಜನ್ ವರ್ಷ ಸಮುದ್ರದಾಚೆ ಆಳಿದ ದೇಶ. 1799ರ ನಂತರ ಕಂಪನಿ ಅವುಗಳನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಮಂಗಳೂರಿನ ಕಲೆಕ್ಟರ್ ಅವುಗಳ ಅಧಿಪತಿ, ದ್ವೀಪದಲ್ಲಿ ಅವನ ಕಡೆಯ ಮೊಣೇಗಾರ. ದ್ವೀಪದ ತೆಂಗಿನ ನಾರಿನ ವ್ಯಾಪಾರ ಸರ್ಕಾರದ ಏಕಸ್ವಾಮ್ಯವಾಗಿತ್ತು. ನಾರು ಕೊಟ್ಟವರು ಅಕ್ಕಿ ಒಯ್ಯುತ್ತಿದ್ದರು. ನಾರಿಗೆ ಎಷ್ಟು, ಅಕ್ಕಿಗೆ ಎಷ್ಟು ಎಂಬುದು ದ್ವೀಪದವರ ಮಾತಾಗಿರಲಿಲ್ಲ. 1950ರಲ್ಲಿ ಇವು ದಕ್ಷಿಣ ಕನ್ನಡದ ಭಾಗವಾಗಿ ಮದ್ರಾಸು ರಾಜ್ಯದಲ್ಲಿದ್ದವು, ಅಂದರೆ ‘ಎ’ ಖಾನೆಯಲ್ಲಿ. ಕಾಗದದ ಮೇಲೆ ಕಡಮತ್‌ನ ಮೀನುಗಾರ ದಾವಣಗೆರೆಯ ಗಿರಣಿ ಮಾಲೀಕನಿಗಿಂತ ಒಂದು ಮೆಟ್ಟಿಲು ಮೇಲೆ! ವಾಸ್ತವದಲ್ಲಿ ಅವನಿಗೆ ಮಳೆಗಾಲದಲ್ಲಿ ಮಂಗಳೂರಿಗೆ ಬರುವ ದೋಣಿಯೂ ಇರಲಿಲ್ಲ.

1956ರ ನವೆಂಬರ್ 1ರಂದು ಎ, ಬಿ, ಸಿ, ಡಿಗಳು ಅಳಿದವು. ಬಳ್ಳಾರಿಯ ಬಹುಪಾಲು 1953ರಲ್ಲೇ ಮೈಸೂರಿಗೆ ಬಂದಿತ್ತು, ಈಗ ಧಾರವಾಡವೂ ಬಂತು. ಹರಿಹರದ ಹೊಳೆ ಮೊದಲ ಬಾರಿಗೆ ಎರಡು ಜಿಲ್ಲೆಗಳ ನಡುವಿನ ಬರೀ ಹೊಳೆಯಾಯಿತು. ಅದೇ ದಿನ ಅಮೀನ್‌ದೀವಿ ದ್ವೀಪಗಳು ಮಂಗಳೂರಿನಿಂದ ಕಳಚಿ ಕೇಂದ್ರಾಡಳಿತ ಪ್ರದೇಶವಾದವು; ಇಂದಿನ ಲಕ್ಷದ್ವೀಪ. ನಮಗೆ ಬಿಡುಗಡೆಯ ದಿನವಾದದ್ದು ಅವರಿಗೆ ಖಾನೆ ಬದಲಾದ ದಿನ. 1967ರವರೆಗೆ ಲೋಕಸಭೆಯಲ್ಲಿ ಅವರ ಪ್ರತಿನಿಧಿ ಚುನಾಯಿತನಲ್ಲ, ನಾಮಕರಣಗೊಂಡವನು. ಇಂದಿಗೂ ಅಲ್ಲಿ ವಿಧಾನಸಭೆಯಿಲ್ಲ. ದೆಹಲಿ ಕಳಿಸಿದ ಆಡಳಿತಾಧಿಕಾರಿ ಇದ್ದಾರೆ.

ಇದು ನಮ್ಮ ದೇಶವೊಂದರ ಕಥೆಯಲ್ಲ. ಅಮೆರಿಕ 1898ರಲ್ಲಿ ಸ್ಪೇನಿನಿಂದ ಪೋರ್ಟೊ ರಿಕೊ ಪಡೆಯಿತು. 1901ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಆ ದ್ವೀಪ ಅಮೆರಿಕಕ್ಕೆ ಸೇರಿದ್ದು, ಆದರೆ ಅಮೆರಿಕದ ಭಾಗವಲ್ಲ ಎಂಬರ್ಥದ ತೀರ್ಪು ಕೊಟ್ಟಿತು. 1917ರಿಂದ ಅವರು ಅಮೆರಿಕದ ಪೌರರು, ಆದರೂ ದ್ವೀಪದಲ್ಲಿದ್ದುಕೊಂಡು ಅಧ್ಯಕ್ಷರ ಆಯ್ಕೆಗೆ ಮತ ಹಾಕುವಂತಿಲ್ಲ. ಬ್ರಿಟನ್ನಿನ ಕೈಯಲ್ಲಿ ಈಗಲೂ 14 ‘ಸಾಗರೋತ್ತರ ಪ್ರದೇಶ’ಗಳಿವೆ, 2002ರವರೆಗೆ ಅವುಗಳ ಹೆಸರು ‘ಅವಲಂಬಿತ ಪ್ರದೇಶ’. ಫ್ರಾನ್ಸ್ ಬೇರೆ ದಾರಿ ಹಿಡಿಯಿತು: ರಿಯೂನಿಯನ್, ಫ್ರೆಂಚ್ ಗಯಾನಾ ಮೊದಲಾದವನ್ನು 1946ರಲ್ಲಿ ತನ್ನದೇ ಜಿಲ್ಲೆಗಳೆಂದು ಸಾರಿತು. ನಮ್ಮ ಆಪಲ್ ಉಪಗ್ರಹ 1981ರಲ್ಲಿ ನೆಗೆದದ್ದು ದಕ್ಷಿಣ ಅಮೆರಿಕದ ಕೌರೂನಿಂದ, ಕಾನೂನಿನ ಪ್ರಕಾರ ಫ್ರಾನ್ಸಿನ ನೆಲದಿಂದ. ಹೆಸರು ಯಾವುದೇ ಇರಲಿ, ಕೇಳಬೇಕಾದ ಪ್ರಶ್ನೆ ಒಂದೇ: ಅಲ್ಲಿನವನಿಗೆ ಅನ್ಯಾಯವಾದರೆ ಅವನು ಯಾರನ್ನು ಕೇಳಬೇಕು? ಕೇಳಿಸಿಕೊಂಡವರನ್ನು ಅವನು ಕುರ್ಚಿಯಿಂದ ಇಳಿಸಬಲ್ಲನೇ?

ಮತ್ತೆ 371

1997ರ ಆಗಸ್ಟ್ 15ರಂದು ಜೆ.ಎಚ್. ಪಟೇಲರ ಸರ್ಕಾರ ದಾವಣಗೆರೆಯನ್ನು ಜಿಲ್ಲೆ ಮಾಡಿತು. ಚಿತ್ರದುರ್ಗದಿಂದ ದಾವಣಗೆರೆ, ಹರಿಹರ, ಜಗಳೂರು, ಶಿವಮೊಗ್ಗದಿಂದ ಹೊನ್ನಾಳಿ, ಚನ್ನಗಿರಿ, ಬಳ್ಳಾರಿಯಿಂದ ಹರಪನಹಳ್ಳಿ. ಹಳೆಯ ಮೈಸೂರೂ ಹಳೆಯ ಮದ್ರಾಸೂ ಒಂದೇ ಜಿಲ್ಲಾಧಿಕಾರಿಯ ಕೆಳಗೆ ಬಂದವು. ಇನ್ನು ಗೆರೆ ಅಳಿಯಿತು ಎಂದುಕೊಂಡೆವು.

ಆಮೇಲೆ ಸಂವಿಧಾನದ 98ನೇ ತಿದ್ದುಪಡಿ ಬಂತು. 371 ಜೆ ವಿಧಿ ಹೈದರಾಬಾದ್ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಟ್ಟಿತು: ಆ ಭಾಗದ ಕಾಲೇಜುಗಳಲ್ಲಿ ಅಲ್ಲಿನ ಮಕ್ಕಳಿಗೆ ನೂರಕ್ಕೆ 70 ಸೀಟು, ರಾಜ್ಯದ ಉಳಿದೆಡೆ 8, ನೌಕರಿಯಲ್ಲೂ ಪಾಲು. ನಿಜಾಮರ ಕಾಲದಿಂದ ಹಿಂದುಳಿದ ನಾಡಿಗೆ ಇದು ನ್ಯಾಯವಾದ ಪರಿಹಾರ. ಅದರಲ್ಲಿ ನನಗೆ ಅನುಮಾನವಿಲ್ಲ. ನಿಜಾಮರು 1800ರಲ್ಲೇ ಬಿಟ್ಟುಕೊಟ್ಟ ಬಳ್ಳಾರಿ ಜಿಲ್ಲೆಯೂ ಅದರಲ್ಲಿ ಸೇರಿತು. ಆದರೆ ಹರಪನಹಳ್ಳಿ ಆಗ ದಾವಣಗೆರೆ ಜಿಲ್ಲೆಯಲ್ಲಿತ್ತು. ಅಲ್ಲಿನ ಜನ ವರ್ಷಗಟ್ಟಲೆ ಹೋರಾಡಿದರು. 2018ರಲ್ಲಿ ತಾಲ್ಲೂಕು ಮತ್ತೆ ಬಳ್ಳಾರಿಗೆ ಹೋಯಿತು. 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ. ಒಂದು ತಲೆಮಾರಿನೊಳಗೆ ಮೂರು ಜಿಲ್ಲೆ.

ಹರಪನಹಳ್ಳಿಯವರ ಬೇಡಿಕೆ ಸರಿಯಾಗಿಯೇ ಇತ್ತು. ನನ್ನನ್ನು ಕಾಡುವುದು ಪಕ್ಕದ ಜಗಳೂರು. ಅದೂ ಮಳೆ ಕಾಣದ ನೆಲ, ಅಲ್ಲಿಂದಲೂ ಜನ ಗುಳೆ ಹೋಗುತ್ತಾರೆ. ಗಡಿಯ ಎರಡು ಹಳ್ಳಿಗಳ ಹೊಲಗಳಿಗೆ ಒಂದೇ ಬದು. ಈಚೆಯ ಹುಡುಗಿ, ಆಚೆಯ ಹುಡುಗಿ ಒಂದೇ ಅಂಕ ತೆಗೆದರೂ ವೈದ್ಯಕೀಯ ಸೀಟಿನ ಪಟ್ಟಿಯಲ್ಲಿ ಅವರ ಸಾಲು ಬೇರೆ. ಯಾಕೆ ಎಂದು ಕೇಳಿದರೆ ಉತ್ತರ 1800ಕ್ಕೆ ಹೋಗುತ್ತದೆ: ಒಂದು ಊರು ನಿಜಾಮ ಬಿಟ್ಟುಕೊಟ್ಟದ್ದು, ಇನ್ನೊಂದು ಒಡೆಯರಿಗೆ ಕೊಟ್ಟದ್ದು.

ವಿಂಗಡಣೆಯನ್ನು ಬೇರೆ ರೀತಿಯಲ್ಲೂ ಮಾಡಬಹುದು ಎಂದು ನಮ್ಮ ರಾಜ್ಯವೇ ತೋರಿಸಿದೆ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿ ಯಾವ ಊರು ಯಾವ ರಾಜನದಾಗಿತ್ತು ಎಂದು ಕೇಳಲಿಲ್ಲ. ಶಾಲೆ, ಆಸ್ಪತ್ರೆ, ನೀರಾವರಿ, ರಸ್ತೆ ಎಂದು ಅಳೆದು, 114 ತಾಲ್ಲೂಕುಗಳನ್ನು ಹಿಂದುಳಿದ, ಹೆಚ್ಚು ಹಿಂದುಳಿದ, ಅತ್ಯಂತ ಹಿಂದುಳಿದ ಎಂದು ಮೂರು ಗುಂಪು ಮಾಡಿತು. ಅದೂ ಖಾನೆಯೇ. ಆದರೆ ಆ ಖಾನೆಗೆ ಕಾರಣವಿದೆ, ಕಾರಣವನ್ನು ಪ್ರಶ್ನಿಸಬಹುದು, ಪರಿಸ್ಥಿತಿ ಸುಧಾರಿಸಿದರೆ ಹೊರಬರಬಹುದು. ‘ದತ್ತ ಮಂಡಲ’ದಿಂದ, ‘ಸಂಸ್ಥಾನ’ದಿಂದ ಹಾಗೆ ಹೊರಬರುವ ದಾರಿ ಅಲ್ಲಿ ಹುಟ್ಟಿದವನ ಕೈಯಲ್ಲಿರಲಿಲ್ಲ. ದೂರದಿಂದ ಆಳುವವರ ವಿಂಗಡಣೆಗೂ ತಮ್ಮನ್ನು ತಾವೇ ಆಳಿಕೊಳ್ಳುವವರ ವಿಂಗಡಣೆಗೂ ಇರಬೇಕಾದ ವ್ಯತ್ಯಾಸ ಇಷ್ಟೇ ಎಂದು ನನಗನ್ನಿಸುತ್ತದೆ. ಲಕ್ಷದ್ವೀಪದವರ ವಿಚಾರದಲ್ಲಿ, ಜಗಳೂರಿನವರ ವಿಚಾರದಲ್ಲಿ ನಾವು ಈ ಪರೀಕ್ಷೆಯಲ್ಲಿ ಇನ್ನೂ ಪಾಸಾಗಿಲ್ಲ.

ಈ ಐವತ್ತು-ಅರವತ್ತು ಕಿಲೋಮೀಟರಿನ ಚರಿತ್ರೆಯನ್ನು ಪೂರ್ತಿಯಾಗಿ ಬರೆಯಹೊರಟವರು ಇಂದಿಗೂ ನಾಲ್ಕು ಊರು ಸುತ್ತಬೇಕು. ದಾವಣಗೆರೆಯ ಕಡತಕ್ಕೆ ಬೆಂಗಳೂರಿನ ಪತ್ರಾಗಾರ, ರಾಣೆಬೆನ್ನೂರಿನದಕ್ಕೆ ಮುಂಬಯಿ, ಹರಪನಹಳ್ಳಿಯದಕ್ಕೆ ಚೆನ್ನೈ. ಮೂರನ್ನೂ ಆಳಿದವರ ಪತ್ರಗಳಿಗೆ ಲಂಡನ್ನಿನ ಬ್ರಿಟಿಷ್ ಲೈಬ್ರರಿ. ಇಂಡಿಯಾ ಆಫೀಸಿನ ದಾಖಲೆಗಳೆಲ್ಲ ಅಲ್ಲಿವೆ. ಅಮಲ್ದಾರರೂ ಮಾಮಲೇದಾರರೂ ಹೋಗಿ ಮೂರೂ ಕಡೆ ಈಗ ತಹಶೀಲ್ದಾರರೇ ಇದ್ದಾರೆ. ಹೆಸರು ಒಂದಾಗಿದೆ. ಅರ್ಜಿ ಹಿಡಿದು ನಿಂತವರ ಸಾಲು ಒಂದಾಗುವುದು ಬಾಕಿಯಿದೆ.